ಯಂಕೋಬಣ್ಣನ ಉಳಿದ ಪೇಪರ್

ದೇವದುರ್ಗದ ತಹಶೀಲ ಕಚೇರಿ ಎದುರಿಗೆ ನಂದೊಂದು ಝೆರಾಕ್ಸ್ ಅಂಗಡಿ ಅದ. ನನ್ನ ಹೆಸರು ಸುಭಾಷ. ಊರಾಗ ಯಾರ ಮನಿಯಾಗ ಏನು ನಡದದ ಅನ್ನೋದು ಪೊಲೀಸರಿಗೆ ಗೊತ್ತಿರಲಿಕ್ಕಿಲ್ಲ, ನನಗ ಗೊತ್ತಿರ್ತದ. ಯಾಕಂದ್ರ ಎಲ್ಲಾರ ಕಾಗದನೂ ಒಂದು ಸಲ ನನ್ನ ಮಷಿನ್ನಿನ ಗಾಜಿನ ಮ್ಯಾಲ ಬೋರಲು ಬೀಳಬೇಕು. ಆದ್ರ ನಾನು ಬಾಯಿ ಬಿಡೋ ಮನುಷ್ಯ ಅಲ್ಲ. ಈಗ ಹೇಳಾಕತ್ತಿರೋದು ಮಾನ್ವಿಯಾಗ ಅರವತ್ತು ಮಂದಿ ಮುಂದ ಬಯಲಾದ ಮಾತು. ಅದನ್ನ ನಾನೊಬ್ಬ ಮುಚ್ಚಿಟ್ಟು ಏನು ಮಾಡ್ಲಿ?

ನನ್ನ ಅಂಗಡಿ ಬಾಜೂಕ ಬೇವಿನಗಿಡದ ಬುಡಕ್ಕ ಒಂದು ಟೇಬಲ್ಲು, ಒಂದು ಕುರ್ಚಿ, ಗಿಡಕ್ಕ ಕಟ್ಟಿದ ಒಂದು ಬೋರ್ಡು. 'ಯಂಕೋಬ, ಬಿ.ಎ., ಅರ್ಜಿ ಬರಹಗಾರರು.' ನಮ್ಮ ಯಂಕೋಬಣ್ಣ ಅರ್ಜಿ ಬರದ್ರ ಕಲ್ಲೂ ಕರಗಬೇಕು. ಅಜ್ಜಿ ಮಾರೆಮ್ಮನ ಪಿಂಚಣಿ ನಿಂತಾಗ ಅಂವ ಬರದ ಅರ್ಜಿ ಓದಿ ಶಿರಸ್ತೇದಾರ ಸಾಹೇಬ್ರು ಕಣ್ಣು ಒರಸಿಕೊಂಡಿದ್ರು. ಪಿಂಚಣಿ ಬರಲಿಲ್ಲ, ಅದು ಬ್ಯಾರೆ ಮಾತು. ಕಣ್ಣೀರಂತೂ ಬಂತು.

ಅಂಥಾ ಯಂಕೋಬಣ್ಣ ಬಿ.ಎ. ಪಾಸಾಗಿದ್ದಿಲ್ಲ. ಒಂದ ಒಂದು ಪೇಪರ್ ಉಳದಿತ್ತು. ಯಾವುದು ಅಂತೀರಿ? ಕನ್ನಡ!

ಇದು ಅವನ ತಪ್ಪೂ ಅಲ್ಲ. ಇಪ್ಪತ್ನಾಕು ವರ್ಷದ ಹಿಂದ ಅವನ ಲಗ್ನಕ್ಕ ಕಾರ್ಡ್ ಹಾಕಿಸಾಕ ಅವರಪ್ಪ ಪ್ರೆಸ್ಸಿಗೆ ಹೋಗಿದ್ದ. ನಮ್ಮ ಕಡೆ ಲಗ್ನದ ಕಾರ್ಡಿನ್ಯಾಗ ಹೆಸರಿನ ಮುಂದ ಒಂದು ಡಿಗ್ರಿ ಇರದಿದ್ರ ವರ ಬರಿಗಾಲಿಲೆ ಬಂದಂಗ ಕಾಣ್ತದ. ಪ್ರೆಸ್ಸಿನಾಂವ ಕೇಳಿದ, "ಹುಡುಗ ಏನು ಓದ್ಯಾನ ಯಜಮಾನ್ರ?" ಅವರಪ್ಪ ಅಂದ, "ರಾಯಚೂರಾಗ ಮೂರು ವರ್ಷ ಬಿ.ಎ. ಓದ್ಯಾನ." ಖರೇನ ಓದಿದ್ದ. ಕಾರ್ಡಿನ್ಯಾಗ 'ಚಿ. ಯಂಕೋಬ, ಬಿ.ಎ.' ಅಂತ ಬಂಗಾರದ ಅಕ್ಷರದಾಗ ಬಂತು. ಐನೂರು ಕಾರ್ಡು ಹಂಚಿ ಆದ ಮ್ಯಾಲ ರಿಜಲ್ಟ್ ಬಂತು. ಈಗ ನೀವ ಹೇಳ್ರಿ, ಐನೂರು ಮನಿಗೆ ಹೋಗಿ ಕಾರ್ಡ್ ವಾಪಸ್ ಇಸಗೊಂಡು ಬರಾಕ ಆಗ್ತದೇನು? ಸೌಭಾಗ್ಯಕ್ಕ ಬಿ.ಎ. ಗಂಡ ಅಂತ ತಿಳಕೊಂಡು ಬಂದು ಅಕ್ಕಿ ಒದ್ದು ಒಳಗ ಕಾಲಿಟ್ಟಳು. ಯಂಕೋಬಣ್ಣ ಇವತ್ತು ಹೇಳ್ತೀನಿ, ನಾಳಿ ಹೇಳ್ತೀನಿ ಅಂದ. ಅಷ್ಟರಾಗ ಮಗಳು ರಾಧಾ ಹುಟ್ಟಿ, ಬೆಳದು, ರಾಯಚೂರಿನ ಯುನಿವರ್ಸಿಟಿಯಾಗ ಎಂ.ಎ. ಓದಾಕ ಹೋದಳು. ಯಾವುದರಾಗ ಎಂ.ಎ. ಅಂತೀರಿ? ಕನ್ನಡ!

ಇರಲಿ, ಹಂಗ ನಡದು ಹೋಗ್ತಿತ್ತು. ಆದ್ರ ಎರಡು ಸಂಗತಿ ಒಮ್ಮಿಗೇ ಬಂದು ಅವನ ಕುತ್ತಿಗಿ ಮ್ಯಾಲ ಕುಂತವು.

ಒಂದು, ರಾಧಾಗ ಸಂಬಂಧ ಬಂತು. ಹುಡುಗ ಪ್ರಭುರಾಜ, ಅದ ಯುನಿವರ್ಸಿಟಿಯಾಗ ಕಾಮರ್ಸಿಗೆ ಅತಿಥಿ ಉಪನ್ಯಾಸಕ. ಇಬ್ಬರೂ ಕ್ಯಾಂಟೀನಿನ್ಯಾಗ ಒಪ್ಪಿಕೊಂಡು ಆಮ್ಯಾಲೆ ಮನಿಯಾಗ ಹೇಳಿದೋರು. ಹುಡುಗನ ಅಪ್ಪ ಕನಕರಾಯರು ಗಿಲ್ಲೆಸುಗೂರಿನೋರು, ಯುನಿವರ್ಸಿಟಿ ಪರೀಕ್ಷಾ ವಿಭಾಗದಾಗ ಸೂಪರಿಂಟೆಂಡೆಂಟು. ಆ ಮನುಷ್ಯ ಮಂದಿನ್ನ ಹೆಸರಿಲೆ ನೆನಪಿಡಂಗಿಲ್ಲ, ರಜಿಸ್ಟರ್ ನಂಬರಿಲೆ ನೆನಪಿಡ್ತಾರ.

ಎರಡು, ಹಳೇ ಯುನಿವರ್ಸಿಟಿಯಿಂದ ನಮ್ಮ ಹೊಸಾ ಯುನಿವರ್ಸಿಟಿ ಪಾಲು ಆದಾಗ ಕಾಲೇಜು ಬಂದ್ವು, ಕಡತ ಬಂದ್ವು, ಅವುಗಳ ಜೋಡಿ ಫೇಲಾದೋರೂ ನಮ್ಮ ಪಾಲಿಗೆ ಬಂದ್ರು. ಹಂಗ ಬಂದೋರಿಗೆಲ್ಲ ಒಂದು ಕೊನೇ ಅವಕಾಶ ಕೊಡ್ತೀವಿ, ಇದ ಕೊನೇದು, ಮುಂದ ಕೇಳಬ್ಯಾಡ್ರಿ ಅಂತ ಸುತ್ತೋಲೆ ಹೊರಟಿತು.

ಆ ಸುತ್ತೋಲೆ ಝೆರಾಕ್ಸ್ ಮಾಡೋವಾಗ ಯಂಕೋಬಣ್ಣ ನನ್ನ ಹೆಗಲ ಮ್ಯಾಲಿಂದ ಓದಿದ. ಓದಿ ಅಂಗಡಿ ಶಟರ್ ಅರ್ಧಾ ಎಳದ.

"ಸುಭಾಷಾ, ನಿನ್ನ ಮಕ್ಕಳಾಣಿ ಯಾರ ಮುಂದೂ ಹೇಳಬ್ಯಾಡ. ನಾ ಪಾಸಾಗಿಲ್ಲ."

ನನ್ನ ಕೈಯಾಗಿನ ಕಾಗದ ಜಾರಿ ಬಿತ್ತು. "ಅಣ್ಣಾ! ಊರಿಗೆಲ್ಲ ಕನ್ನಡ ಬರದುಕೊಡಾಂವ ಕನ್ನಡದಾಗ ಫೇಲಾ?"

"ಮೌಲ್ಯಮಾಪಕರಿಗೆ ನನ್ನ ಶೈಲಿ ತಿಳೀಲಿಲ್ಲ," ಅಂದ ಅಂವ, ಭಾಳ ಗಂಭೀರಾಗಿ. "ಈ ಸಲ ತಿಳಿಯಂಗ ಬರೀತೀನಿ. ಮಗಳ ಲಗ್ನಕ್ಕಿಂತ ಮುಂಚೆ ಆ ಎರಡು ಅಕ್ಷರ ನಾ ಗಳಿಸಬೇಕು. ಸುಳ್ಳಿನ ಮ್ಯಾಲ ನನ್ನ ಮಗಳ ಹಂದರ ಹಾಕಾಕ ನನಗ ಮನಸಿಲ್ಲ."

ಅವನ ಕಣ್ಣಾಗ ನೀರು ತುಂಬಿತ್ತು. ನನಗ ನಗು ಬಂದಿತ್ತು, ನಗಲಿಲ್ಲ. ಆಮ್ಯಾಲೆ ಮನಿಗೆ ಹೋಗಿ ನಕ್ಕೆ.

ಹಳೇ ರಜಿಸ್ಟರ್ ನಂಬರು ಕಂಪ್ಯೂಟರಿನ್ಯಾಗ ಸಿಗಲಿಲ್ಲ. ಖುದ್ದು ಬಂದು ತಪಾಸ ಮಾಡಿಸ್ರಿ ಅಂದ್ರು. ಒಂದು ಸೋಮವಾರ ನಾವಿಬ್ಬರೂ ರಾಯಚೂರಿನ ಬಸ್ ಹತ್ತಿದ್ವಿ. ಕ್ಯಾಂಪಸ್ ಊರ ಹೊರಗ ಅದ. ಗೇಟಿನಿಂದ ಪರೀಕ್ಷಾ ವಿಭಾಗಕ್ಕ ನಡದು ಹೋಗೋದ್ರಾಗ ರಾಯಚೂರಿನ ಬಿಸಿಲು ಮನುಷ್ಯಾನ್ನ ಅರ್ಧಾ ಸುಟ್ಟು ಇಡ್ತದ. ಒಂದನೇ ಕಿಟಕಿಯಾಗ ಎರಡನೇದಕ್ಕ ಹೋಗ್ರಿ ಅಂದ್ರು, ಎರಡನೇದ್ರಾಗ ಊಟದ ಹೊತ್ತು ಅಂದ್ರು. ಮೂರನೇದ್ರಾಗ ಒಬ್ಬ ಪುಣ್ಯಾತ್ಮ ಹಳೇ ರಜಿಸ್ಟರ್ ಧೂಳು ಝಾಡಿಸಿ, "ಅದಾರ ನೋಡ್ರಿ! ಯಂಕೋಬ, ಕನ್ನಡ, ಹತ್ತೊಂಬತ್ತು ಮಾರ್ಕ್ಸ್" ಅಂತ ಇಡೀ ವರಾಂಡಕ್ಕ ಕೇಳಸೋಹಂಗ ಓದಿದ.

"ಮೆಲ್ಲಕ ಓದೋ ಮಾರಾಯ!" ಅಂತ ಯಂಕೋಬಣ್ಣ ಕಿಟಕಿಯೊಳಗ ಕೈ ಹಾಕಿ ಅವನ ಬಾಯಿ ಮುಚ್ಚಾಕ ಹೋದ.

ಫಾರ್ಮ್ ಇಸಗೊಂಡು ಹೊರಗ ಬರೂದಕ್ಕೂ, "ಯಪ್ಪಾ! ನೀ ಇಲ್ಲಿ?" ಅಂತ ರಾಧಾನ ದನಿ ಬರೂದಕ್ಕೂ ಸರೀ ಹೋತು. ನಾಕು ಮಂದಿ ಗೆಳತೇರ ಜೋಡಿ ನಿಂತಿದ್ದಳು. ಯಂಕೋಬಣ್ಣ ಫಾರ್ಮನ್ನ ಬಗಲಾಗ ತುರುಕಿ, "ರಜಿಸ್ಟ್ರಾರ್ ಸಾಹೇಬ್ರಿಗೆ ಒಂದು ಅರ್ಜಿ ಕೊಡಾಕ ಬಂದಿದ್ದೆವ್ವಾ" ಅಂದ.

ಅರ್ಜಿ ಅನ್ನೂದ ತಡ, ಒಬ್ಬಾಕಿ ಮುಂದ ಬಂದಳು. "ಅಂಕಲ್, ನಮ್ಮ ಹಾಸ್ಟೇಲಿಗೆ ನಾಕು ದಿನ ಆತು ನೀರಿಲ್ಲ. ನಮಗೂ ಒಂದು ಬರದು ಕೊಡ್ರೀ!"

ಬರಿಯಂಗಿಲ್ಲ ಅಂದ್ರ ಅದು ಯಂಕೋಬಣ್ಣನ ಕೈ ಅಲ್ಲ. ಕ್ಯಾಂಟೀನಿನ ಕಟ್ಟಿ ಮ್ಯಾಲ ಕುಂತ. 'ವಿದ್ಯಾರ್ಥಿನಿಯರು ಮುಖ ತೊಳೆಯದೆ ತರಗತಿಗೆ ಹಾಜರಾಗುತ್ತಿರುವ ಕಾರಣ ಉಪನ್ಯಾಸಕರಿಗೆ ಯಾರು ಯಾರೆಂಬುದೇ ತಿಳಿಯದಂತಾಗಿದ್ದು, ದಯಾಳುಗಳಾದ ತಾವು...' ಓದಿದಂಗ ಹುಡುಗೇರು ಚಪ್ಪಾಳಿ ಹೊಡದ್ರು. ಗುಂಪು ಕೂಡ್ತು. ಒಬ್ಬಂವ ಲೈಬ್ರರಿ ಫ್ಯಾನಿಗೆ ಅರ್ಜಿ ಕೇಳಿದ, ಮತ್ತೊಬ್ಬ ಹಾಜರಾತಿ ಕಮ್ಮಿ ಬಿದ್ದದ್ದಕ್ಕ ಕೇಳಿದ. ರಾಧಾ ಎಲ್ಲಾರಿಗೂ, "ನಮ್ಮಪ್ಪ, ನಮ್ಮಪ್ಪ, ಆಗಿನ ಕಾಲದ ಬಿ.ಎ.!" ಅಂತ ಹೇಳಾಕತ್ತಿದ್ದಳು. ಒಂದೊಂದು ಸಲ ಆಕಿ ಹಂಗ ಅಂದಾಗೂ ಯಂಕೋಬಣ್ಣನ ಪೆನ್ನು ಒಂದು ಗಳಿಗಿ ನಿಲ್ತಿತ್ತು.

ಗದ್ದಲ ಕೇಳಿ ಪರೀಕ್ಷಾ ವಿಭಾಗದಿಂದ ಕನಕರಾಯರು ಇಳದು ಬಂದ್ರು. "ಆಹಾ! ಬೀಗರು! ಬರ್ರಿ ಬರ್ರಿ, ಚಾ ಕುಡಿಯೂನು."

ಚಾ ಬಂತು. ಕನಕರಾಯರು ಒಂದು ಗುಟುಕು ಕುಡದು ಬೆಂಕಿ ಹಚ್ಚಿದ್ರು. "ಬೀಗರ, ನೀವು ಕಾನ್ವೊಕೇಶನ್ ಸರ್ಟಿಫಿಕೇಟ್ ತಗೊಂಡೀರೇನು? ನಿಮ್ಮ ಕಾಲದವು ಕಟ್ಟುಗಟ್ಟಲೆ ಹಂಗ ಬಿದ್ದಾವ. ರಜಿಸ್ಟರ್ ನಂಬರ್ ಹೇಳ್ರಿ, ನಾನ ಹುಡುಕಿ, ಫ್ರೇಮ್ ಹಾಕಿಸಿ ನಿಶ್ಚಿತಾರ್ಥಕ್ಕ ತರ್ತೀನಿ."

ಯಂಕೋಬಣ್ಣನ ಗಂಟಲದಾಗ ಚಾ ನಿಂತು ಬಿಡ್ತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದ್ವು. "ಮನಿಯಾಗ... ಟ್ರಂಕಿನ್ಯಾಗ ಅದ್ರೀ," ಅಂದ.

ಆ ಬಿ.ಎ. ವಿಷಯದಾಗ ಅದು ಅವನ ಬಾಯಿಂದ ಬಂದ ಮೊದಲನೇ ಅಪ್ಪಟ ಸುಳ್ಳು. ಅಲ್ಲೀತನಕ ಕಾರ್ಡು ಹೇಳಿತ್ತು, ಬೋರ್ಡು ಹೇಳಿತ್ತು, ಮಂದಿ ಹೇಳಿದ್ರು. ಅಂವ ಸುಮ್ಮನಿದ್ದ ಅಷ್ಟ.

"ಹೌದೇನು? ಛಲೋ ಆತು," ಅಂದ್ರು ಕನಕರಾಯರು. "ಅಂದಂಗ ಈ ಕೊನೇ ಅವಕಾಶದ ಪರೀಕ್ಷಾಕ್ಕ ನನಗ ಸ್ಕ್ವಾಡ್ ಡ್ಯೂಟಿ ಅದ. ಕಾಪಿ ಹಿಡಿಯೋ ಕೆಲಸ. ಬಹುಶಃ ನಿಮ್ಮ ದೇವದುರ್ಗಕ್ಕ ಹಾಕ್ತಾರ. ಮನಿಗೆ ಊಟಕ್ಕ ಬರ್ತೀನಿ."

ಬಸ್ ಹತ್ತಿದ ಮ್ಯಾಲ ಯಂಕೋಬಣ್ಣ ಫಾರ್ಮಿನ್ಯಾಗ ಪರೀಕ್ಷಾ ಕೇಂದ್ರ ಅನ್ನೋ ಕಡೆ 'ದೇವದುರ್ಗ' ಹೊಡದು ಹಾಕಿ 'ಮಾನ್ವಿ' ಅಂತ ಬರದ. "ಇನ್ನು ಹರಕತ್ತಿಲ್ಲ," ಅಂದ.

ಪರೀಕ್ಷಾ ಶುಕ್ರವಾರ. ನಿಶ್ಚಿತಾರ್ಥ ಅದರ ಮುಂದಿನ ಆದಿತ್ವಾರ. ಸೌಭಾಗ್ಯಕ್ಕಗ, "ಮಾನ್ವಿಯಾಗ ಒಂದು ದೊಡ್ಡ ಅರ್ಜಿ ಕೆಲಸ ಅದ" ಅಂತ ಹೇಳಿ ಹೊರಟ. ಆಕಿ ಗಂಡ ದೊಡ್ಡ ಕೆಲಸಕ್ಕ ಹೊಂಟಾನ ಅಂತ ಸಫಾರಿ ಇಸ್ತ್ರಿ ಮಾಡಿ ಹಾಕಿದಳು, ಮೀಸಿಗೆ ಬಣ್ಣ ಹಚ್ಚಿದಳು, ಕೈಯಾಗ ಕರೇ ಬ್ಯಾಗು ಕೊಟ್ಟಳು. ನಾನು ಧೈರ್ಯಕ್ಕ ಜೋಡಿ ಹೋದೆ. ಬಸ್ಸಿನ್ಯಾಗ ಅಂವ ವ್ಯಾಕರಣ ಓದಿಕೋತ ಕುಂತ, ಬ್ಯಾಗು ನಾ ಹಿಡದೆ. ಎಲ್ಲಾ ಅನಾಹುತಕ್ಕೂ ಆ ಬ್ಯಾಗ ಮೂಲ.

ಮಾನ್ವಿ ಕಾಲೇಜಿನ ಗೇಟಿಗೆ ಮುಟ್ಟಿದಾಗ ಹತ್ತಕ್ಕ ಇನ್ನೂ ಹತ್ತು ನಿಮಿಷ ಇತ್ತು. ಮುಂದ ಸಫಾರಿ, ಕನ್ನಡಕ, ಕರೇ ಮೀಸಿ. ಎರಡು ಹೆಜ್ಜಿ ಹಿಂದ ಬ್ಯಾಗು ಹಿಡಕೊಂಡ ನಾನು. ಗೇಟಿನ ಜವಾನ ನಮ್ಮನ್ನ ನೋಡಿದ್ದ ತಡ, ಬೀಡಿ ಬಿಸಾಕಿ ಸಲಾಮ್ ಹೊಡದು ಒಳಗ ಓಡಿದ.

"ಸ್ಕ್ವಾಡ್ ಬಂತು! ಸ್ಕ್ವಾಡ್ ಬಂತು!"

ಬಾಳಿಹಣ್ಣು ಸುಲದಂಗ ಅಷ್ಟು ಸುಲಭಾಗಿ ಕಾಲೇಜಿನ ಮುಖ ಬದಲಾತು. ಕಿಟಕಿಗಳಿಂದ ಚೀಟಿ ಹೊರಗ ಹಾರಿದ್ವು. ನನ್ನ ತಲಿ ಮ್ಯಾಲ ಎರಡು ಬಿದ್ವು. ಒಂದು ಸಂಧಿಪ್ರಕರಣ, ಇನ್ನೊಂದು ಯಾವುದೋ ಹುಡುಗಿಯ ಫೋನ್ ನಂಬರು. ಪ್ರಿನ್ಸಿಪಾಲರು ವೀರಭದ್ರಮ್ಮ ಮೇಡಂ ಸ್ವತಃ ಮೆಟ್ಟಿಲು ಇಳದು ಬಂದ್ರು. ಎತ್ತರದ ಹೆಣಮಗಳು. ಕೊರಳಾಗ ಮುಖ್ಯ ಅಧೀಕ್ಷಕರು ಅಂತ ಬಿಲ್ಲೆ.

"ಬರ್ರಿ ಸರ್, ಕುಂದರ್ರಿ. ಹೀರಾಬಿ, ಸಾಹೇಬ್ರಿಗೆ ಚಾ ತಾ!"

"ಅಲ್ಲ ಮೇಡಂ, ನಾನು..." ಅಂದ ಯಂಕೋಬಣ್ಣ.

"ನಿಮ್ಮ ಜವಾನಂಗೂ ಚಾ ಕೊಡಬೇ ಹೀರಾಬಿ!"

ನಾನು ಜವಾನ ಆದೆ. ಸಿಟ್ಟು ಬಂತು, ಆದ್ರ ಚಾದ ಜೋಡಿ ಮಂಡಾಳ ಒಗ್ಗರಣಿ, ಮಿರ್ಚಿ ಬಂದಿದ್ವು. ಸುಮ್ಮನ ಕುಂತೆ. ಯಂಕೋಬಣ್ಣನೂ ಕುಂತ. ಖರೇ ಹೇಳ್ತೀನಿ, ಅವನಿಗೆ ಒಂದು ಎರಡು ನಿಮಿಷ ಛಲೋ ಅನಿಸಿತ್ತು. ಜನ್ಮದಾಗ ಮಂದಿಗೆ 'ಸಾಹೇಬ್ರ, ಸಾಹೇಬ್ರ' ಅಂತ ಬರದು ಬರದು ಕೈ ಸವದ ಮನುಷ್ಯಾಗ ಯಾರರ ಸಾಹೇಬ್ರ ಅಂದ್ರ ಕಿವಿಗೆ ಜೇನು ಸುರದಂಗ ಆಗ್ತದ.

ಗಂಟಿ ಹೊಡೀತು. ಅಂವ ದಡಕ್ಕನ ಎದ್ದ. "ಮೇಡಂ, ನನಗ ಜಲ್ದಿ ಅದ. ನಾ ಪೇಪರ್..."

"ಪೇಪರ್ ಬಂಡಲ್ ನಿಮ್ಮ ಮುಂದನ ಒಡೀತೀವಿ ಸರ್. ನಮ್ಮ ಕಾಲೇಜಿನ್ಯಾಗ ಎಲ್ಲಾ ಶಿಸ್ತು. ಹಾಂ, ರಾಯಚೂರಿನಿಂದ ಫೋನ್ ಬಂದಿತ್ತು, ದೇವದುರ್ಗದ ಡ್ಯೂಟಿ ಬದಲಾಗಿ ಕನಕರಾಯರು ಮಾನ್ವಿಗೆ ಬರ್ತಾರ ಅಂತ. ನೀವ ಅಲ್ಲೇನ್ರಿ ಕನಕರಾಯರು?"

ಯಂಕೋಬಣ್ಣನ ಮುಖ ಸುಣ್ಣ ಬಳದಂಗ ಆತು. ಹೌದು ಅಂದ್ರ ಖೊಟ್ಟಿ ಅಧಿಕಾರಿ. ಅಲ್ಲ ಅಂದ್ರ ಖರೇ ಅಧಿಕಾರಿ ಬಂದು ಬೀಗರನ್ನ ಫೇಲಾದೋರ ಬೆಂಚಿನ ಮ್ಯಾಲ ನೋಡ್ತಾರ. ಅಂವ ತಲಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ದುಂಡಗ ತಿರುಗಿಸಿದ. ಮೇಡಂ ಅದನ್ನ ಹೌದು ಅಂತ ತಿಳಕೊಂಡ್ರು.

"ಬರ್ರಿ ಸರ್, ರೂಮು ನೋಡ್ರಿ."

ಒಂದನೇ ರೂಮು ನೋಡಿದ್ವಿ. ಹತ್ತು ಗಂಟಿ ಎಂಟು ನಿಮಿಷ. ಎರಡನೇ ರೂಮಿನ್ಯಾಗ ಅಂಬರೇಶ ಅಂತ ಗಡ್ಡದಾಂವ ಒಬ್ಬ ಹೆದರಿ ತಾನ ಎದ್ದು ನಿಂತು ಸಾಕ್ಸಿನಿಂದ ಏಳು ಚೀಟಿ ತೆಗೆದು ಯಂಕೋಬಣ್ಣನ ಕೈಯಾಗ ಇಟ್ಟ. "ಸರ್, ಕೇಸ್ ಹಾಕಬ್ಯಾಡ್ರಿ, ನನಗ ಎರಡು ಮಕ್ಕಳು ಅದಾವ."

"ಸಹಿ ಮಾಡ್ರಿ ಸರ್, ಕೇಸ್ ಬುಕ್ ಮಾಡೂನು," ಅಂದ್ರು ಮೇಡಂ, ಫಾರ್ಮು ಮುಂದ ಹಿಡದು.

"ತಾನ ಕೊಟ್ಟಾನಲ್ರೀ, ಬಿಡ್ರಿ ಮೇಡಂ. ಕುಂತು ಬರಿಯಪ್ಪಾ, ತಿಳದದ್ದು ಬರಿ," ಅಂದ ಯಂಕೋಬಣ್ಣ. ಚೀಟಿ ಮಾತ್ರ ಕಿಸೆಯಾಗ ಇಟ್ಟುಕೊಳ್ಳಲಿಲ್ಲ, ನನ್ನ ಕೈಗೆ ಕೊಟ್ಟ. ಅಷ್ಟು ಸಂಕಟದಾಗೂ ಅಷ್ಟು ನಿಯತ್ತು ಇತ್ತು ಅವನಿಗೆ.

ಹತ್ತೂ ಇಪ್ಪತ್ತಾರು. ಮೂರನೇ ರೂಮು. ಅಲ್ಲಿ ತಹಮೀನಾ ಅಂತ ಸಣ್ಣ ವಯಸ್ಸಿನ ಮೇಡಂ ಮೇಲ್ವಿಚಾರಣಿ ಮಾಡಾಕತ್ತಿದ್ದಳು. ಮುಂದಿನ ಸಾಲಿನ್ಯಾಗ ಒಂದು ಬೆಂಚು ಖಾಲಿ ಇತ್ತು. ಮ್ಯಾಲ ಸೀಮೆಸುಣ್ಣದಾಗ ನಂಬರು. ನಾ ಆ ನಂಬರು ಮೂರು ಸಲ ಝೆರಾಕ್ಸ್ ಮಾಡಿದ್ದೆ. ಯಂಕೋಬಣ್ಣಂದ ಅದು!

"ಈ ನಂಬರಿನೋರು ಒಬ್ಬರು ಬಂದಿಲ್ಲ ಸರ್," ಅಂದಳು ತಹಮೀನಾ. "ಫೀಜು ತುಂಬ್ತಾರ, ಬರಂಗಿಲ್ಲ. ಇವರದಂತೂ ಇಪ್ಪತ್ನಾಕು ವರ್ಷದ ಹಳೇ ಪೇಪರ್. ಜವಾಬ್ದಾರಿನ ಇಲ್ಲ ನೋಡ್ರಿ ಮಂದಿಗೆ! ಗೈರುಹಾಜರಿ ಹಾಕ್ಲಾ?" ಅಂತ ಕೆಂಪು ಪೆನ್ನು ತೆಗೆದಳು.

"ತಡೀರಿ ತಂಗಿ! ಬರ್ತಾನ, ಬರ್ತಾನ ಅಂವ!"

"ನಿಮಗ ಹೆಂಗ ಗೊತ್ತು ಸರ್?"

"ಅಂವ... ಅಂವ ಭಾಳ ದೂರದಿಂದ ಬರಬೇಕಾಗ್ಯದ."

"ಅರ್ಧಾ ತಾಸಿನ ಮ್ಯಾಲ ಒಳಗ ಬಿಡಂಗಿಲ್ಲ ಸರ್, ರೂಲ್ಸ್. ಇನ್ನ ಮೂರು ನಿಮಿಷ ಅದ."

ಅಷ್ಟೊತ್ತಿಗೆ ಗೇಟಿನ್ಯಾಗ ಜೀಪು ಬಂದು ನಿಂತಿತು. ಕಿಟಕಿಯಾಗಿಂದ ನೋಡಿದೆ. ಕನಕರಾಯರು! ಜೋಡಿ ಇಬ್ಬರು ಮಾಸ್ತರರು. ಖರೇ ಸ್ಕ್ವಾಡ್. ನಾನು ಯಂಕೋಬಣ್ಣನ ಸಫಾರಿ ಜಗ್ಗಿದೆ. "ಅಣ್ಣಾ, ಹಿಂದಿನ ಬಾಗಿಲು ಅದ. ಓಡೂನು ನಡಿ. ಮಾನ ಉಳೀತದ!"

ಅಂವ ಹಿಂದಿನ ಬಾಗಿಲ ನೋಡಿದ. ಖಾಲಿ ಬೆಂಚು ನೋಡಿದ. ತಹಮೀನಾನ ಕೆಂಪು ಪೆನ್ನು ಕಾಗದದ ಮ್ಯಾಲ ಊರಿತ್ತು. ಕನಕರಾಯರ ಬೂಟಿನ ಸಪ್ಪಳ ವರಾಂಡದಾಗ ಬರಾಕತ್ತಿತ್ತು. ಜೋಡಿ ಜವಾನನ ದನಿ, "ಇನ್ನೊಂದು ಸ್ಕ್ವಾಡ್ ಆಗಲೇ ಒಳಗ ಅದ್ರೀ ಸಾಹೇಬ್ರ!"

"ಯಾವ ಸ್ಕ್ವಾಡೋ? ನಾನ ಸ್ಕ್ವಾಡ್!" ಅಂತ ಕನಕರಾಯರು ಬಾಗಿಲಾಗ ಬಂದು ನಿಂತ್ರು. ಬೀಗರನ್ನ ನೋಡಿ ಬಾಯಿ ತೆಗೆದೋರು ಮುಚ್ಚಲಿಲ್ಲ.

ಆಗ ಯಂಕೋಬಣ್ಣ ಒದರಿದ ಒದರಾಟ ಮಾನ್ವಿ ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು.

"ನಾ ಸ್ಕ್ವಾಡ್ ಅಲ್ರೀ! ಗೈರುಹಾಜರಿ ಹಾಕಬ್ಯಾಡ್ರಿ! ಆ ನಂಬರು ನಂದು! ನಾ ಫೇಲಾದಾಂವ! ಕನ್ನಡದಾಗ ಫೇಲ್! ಹತ್ತೊಂಬತ್ತು ಮಾರ್ಕ್ಸ್! ಇಪ್ಪತ್ನಾಕು ವರ್ಷ ಆತು! ಪ್ರಶ್ನೆ ಪತ್ರಿಕಿ ಕೊಡ್ರಿ ನನಗ!"

ಒದರಿದಾಂವ ನೆಟ್ಟಗ ಹೋಗಿ ಆ ಬೆಂಚಿನ ಮ್ಯಾಲ ಕುಂತು ಬಿಟ್ಟ. ಹಾಲ್ ಟಿಕೀಟು ತೆಗೆದು ಟೇಬಲ್ಲಿನ ಮ್ಯಾಲ ಬಡದ.

ವೀರಭದ್ರಮ್ಮ ಮೇಡಂಗ ಸಿಟ್ಟು ನೆತ್ತಿಗೇರಿತ್ತು. "ಮೋಸ! ಪೊಲೀಸರನ್ನ ಕರೀತೀನಿ! ನನ್ನ ಮಿರ್ಚಿ ತಿಂದು..."

"ಮೇಡಂ, ಅವರು ತಾವ ಸ್ಕ್ವಾಡ್ ಅಂತ ಹೇಳಿದ್ರೇನು?" ಅಂತ ಕೇಳಿದ್ರು ಕನಕರಾಯರು. ದನಿ ಐಸಿನಂಗ ತಣ್ಣಗಿತ್ತು.

ಮೇಡಂ ನೆನಪು ಮಾಡಿಕೊಂಡ್ರು. "ಹೇಳಲಿಲ್ಲ. ತಲಿ ತಿರುಗಿಸಿದ್ರು."

"ಏನರ ಸಹಿ ಮಾಡಿದ್ರೇನು?"

"ಇಲ್ಲ."

ಕನಕರಾಯರು ಕೈಗಡಿಯಾರ ನೋಡಿದ್ರು. "ಹತ್ತು ಇಪ್ಪತ್ತೊಂಬತ್ತು. ಅರ್ಧಾ ತಾಸು ಇನ್ನೂ ಆಗಿಲ್ಲ. ಹಾಲ್ ಟಿಕೀಟ್ ಸರಿ ಅದ, ಫೋಟೋ ಸರಿ ಅದ. ಉತ್ತರ ಪತ್ರಿಕಿ ಕೊಡಮ್ಮ." ಆಮ್ಯಾಲೆ ನನ್ನ ಕಡೆ ತಿರುಗಿ, "ಈ ಜವಾನನ್ನ ಹೊರಗ ಹಾಕ್ರಿ," ಅಂದ್ರು. ಹಾಕಿದ್ರು. ಕೈಯಾಗ ಏಳು ಚೀಟಿ ಇದ್ದದ್ದಕ್ಕ ಕುತ್ತಿಗಿ ಹಿಡದ ಹಾಕಿದ್ರು.

ಮುಂದಿಂದು ತಹಮೀನಾ ಮೇಡಂ ಆಮ್ಯಾಲೆ ಹೇಳಿದ್ದು. ಯಂಕೋಬಣ್ಣ ತಲಿ ಎತ್ತದಂಗ ಬರದನಂತ. ಪ್ರಶ್ನೆ: 'ಪರಿಸರ ಸಂರಕ್ಷಣೆ ಕುರಿತು ಪ್ರಬಂಧ ಬರೆಯಿರಿ.' ಕೈಗೆ ಇಪ್ಪತ್ನಾಕು ವರ್ಷದ ರೂಢಿ. ಅದು ಬಿಡ್ತದೇನು? 'ಗೆ, ಮಾನ್ಯ ಮೌಲ್ಯಮಾಪಕರು. ವಿಷಯ: ಪರಿಸರ ಸಂರಕ್ಷಣೆ ಕುರಿತು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...' ಎರಡು ಪುಟ ಆದ ಮ್ಯಾಲ, 'ಕಾರಣ ದಯಾಳುಗಳಾದ ತಾವು ಪರಿಸರವನ್ನು ಸಂರಕ್ಷಿಸಿಕೊಡಬೇಕೆಂದು ಕೋರುವ, ತಮ್ಮ ವಿಶ್ವಾಸಿ, ಯಂಕೋಬ, ಸಾ. ದೇವದುರ್ಗ.' ಜನಪದ ಗೀತೆ ಬಗ್ಗೆ ಕೇಳಿದ್ದಕ್ಕೂ ಹಂಗ. ಒಂದೊಂದು ಉತ್ತರದ ಬುಡಕ್ಕೂ ಹೆಸರು, ಊರು, ಸಹಿ.

ಉತ್ತರ ಪತ್ರಿಕಿಯಾಗ ಹೆಸರು ಬರದ್ರ ಪೇಪರು ರದ್ದು. ಅಲ್ಲಿಗೆ ಕೊನೇ ಅವಕಾಶನೂ ರದ್ದು.

ಮುಗಿಯಾಕ ಹದಿನೈದು ನಿಮಿಷ ಇದ್ದಾಗ ಕನಕರಾಯರು ಅವನ ಹಿಂದ ಬಂದು ನಿಂತ್ರು. ನೋಡಿದ್ರು. ಬೆವರಿದ್ರು. ಅವನೊಬ್ಬನಿಗೇ ಹೇಳಿದ್ರ ಬೀಗರಿಗೆ ಸಹಾಯ ಮಾಡಿದಂಗ, ಹೇಳದಿದ್ರ ಬೀಗರು ಮುಳುಗಿದಂಗ. ಕಡೀಕ ಇಡೀ ರೂಮಿಗೆ ಕೇಳೋಹಂಗ ಹೇಳಿದ್ರು, "ಎಲ್ಲಾ ಅಭ್ಯರ್ಥಿಗಳು ಕೇಳ್ರಿ! ಉತ್ತರದಾಗ ಯಾರರ ತಮ್ಮ ಹೆಸರು, ಊರು ಬರದಿದ್ರ ಈಗಲೇ ಗೀಚಿ ಹಾಕ್ರಿ!"

ಎಲ್ಲಾರೂ ತಲಿ ಎತ್ತಿದ್ರು. ಯಂಕೋಬಣ್ಣ ಎತ್ತಲಿಲ್ಲ. ಸಮಾಸಕ್ಕ ಅರ್ಜಿ ಬರಿಯಾಕತ್ತಿದ್ದ.

"ಹೆಸರು ಬರದ್ರ ರದ್ದಾಗ್ತದ! ಇನ್ನೊಮ್ಮಿ ಹೇಳಾಕತ್ತೀನಿ!"

ಎತ್ತಲಿಲ್ಲ.

ಆಗ ಕನಕರಾಯರು ನನಗ ಹೊರಗ ಗೇಟಿನ್ಯಾಗ ಕೇಳೋಹಂಗ ಕೂಗಿದ್ರು. "ದೇವದುರ್ಗದ ಕಡೆಯೋರೂ ಕೇಳ್ರೀ!"

ಯಂಕೋಬಣ್ಣ ಬೆಚ್ಚಿ ಬಿದ್ದು, ತಿಳದು, ಪುಟ ಹಿಂದ ತಿರುವಿ ತಿರುವಿ ಹೆಸರು ಗೀಚಾಕ ಶುರು ಮಾಡಿದ. ಗಂಟಿ ಹೊಡಿಯೂದ್ರಾಗ ಹನ್ನೊಂದು ಕಡೆ ಗೀಚಿದ್ದ.

ಹೊರಗ ಬಂದ ಮ್ಯಾಲ ಅಂವ ಕನಕರಾಯರ ಮುಂದ ಕೈ ಮುಗುದು ನಿಂತ. "ಬೀಗರ..." ಅಂದ.

"ಮೂವತ್ತು ವರ್ಷ ಈ ವಿಭಾಗದಾಗ ಅದೀನಿ," ಅಂದ್ರು ಕನಕರಾಯರು. "ಖೊಟ್ಟಿ ಮಾರ್ಕ್ಸ್ ಕಾರ್ಡ್ ತಂದೋರನ್ನ ನೋಡೀನಿ, ಮತ್ತೊಬ್ಬರ ಹೆಸರಿನ್ಯಾಗ ಪರೀಕ್ಷಾ ಬರದೋರನ್ನ ನೋಡೀನಿ. ನಾ ಫೇಲ್ ಅಂತ ಅರವತ್ತು ಮಂದಿ ಮುಂದ ಒದರಿ ಕುಂತು ಬರದಾಂವನ್ನ ನೋಡಿದ್ದಿಲ್ಲ. ಅದಕ್ಕ ನಿಮಗ ನಮಸ್ಕಾರ. ಆದ್ರ ಆವತ್ತು ನನ್ನ ಚಾ ಕುಡಕೊಂತ ಟ್ರಂಕಿನ್ಯಾಗ ಅದ ಅಂದ್ರಿ ನೋಡ್ರಿ, ಅದು ನನಗ ಭಾಳ ಕೆಟ್ಟನಿಸ್ಯದ. ಆದಿತ್ವಾರ ನಾವು ಬರ್ತೀವಿ. ಅಷ್ಟರಾಗ ನಿಮ್ಮ ಮನಿಯಾಗ ನಿಮ್ಮ ಬಾಯಿಲೇನ ಹೇಳಿರಬೇಕು. ಎಲ್ಲಾರ ಮುಂದ ನಾ ನಿಮ್ಮ ಮನಿ ಅಕ್ಕಾರನ್ನ ಕೇಳ್ತೀನಿ, ಬೀಗರು ಏನು ಓದ್ಯಾರ ಅಂತ. ಮತ್ತ ಸುಳ್ಳು ಬಂತಂದ್ರ ನಾ ಎದ್ದು ಹೋಗ್ತೀನಿ."

ಬಸ್ಸಿನ್ಯಾಗ ಯಂಕೋಬಣ್ಣ ಒಂದ ಮಾತು ಅಂದ. "ಹೇಳೇ ಹೇಳ್ತೀನಿ ಸುಭಾಷಾ. ಇವತ್ತ ಹೇಳ್ತೀನಿ."

ಹೇಳಿದ. ನಾ ಹೊಸ್ತಿಲ ಹೊರಗ ನಿಂತಿದ್ದೆ. ರಾಧಾ ಊರಿಗೆ ಬಂದಿದ್ದಳು. ಆಕಿ ಅಪ್ಪನ ಮುಂದ ಕೈ ಚಾಚಿದಳು. "ಪ್ರಶ್ನೆ ಪತ್ರಿಕಿ ಕೊಡು." ಒಂದೊಂದು ಪ್ರಶ್ನೆ ಓದಿ, ಇದಕ್ಕೇನು ಬರದಿ ಅಂತ ಕೇಳಿ ಕೇಳಿ ಜೋರು ಮಾಡಿದಳು. "ಯಪ್ಪಾ, ಎರಡು ಮಾರ್ಕ್ಸಿನ ಪ್ರಶ್ನೆಗೆ ಮೂರು ಪುಟ ಯಾರು ಬರೀತಾರ? ಸಮಾಸಕ್ಕ ವಿನಂತಿ ಯಾಕ ಮಾಡಿಕೊಂಡಿ? ನನ್ನ ಕೇಳಿದ್ರ ನಾ ಹೇಳಿಕೊಡ್ತಿದ್ದಿಲ್ಲೇನು?" ಅನಕೊಂತ ಅತ್ತಳು.

ಸೌಭಾಗ್ಯಕ್ಕ ಅಳಲಿಲ್ಲ. ಅದ ಭಯ ಆಗಿದ್ದು. ಆಕಿ ಏಳನೇತ್ತ ಓದಿದಾಕಿ. "ನಮ್ಮ ಮನಿಯವರು ಬಿ.ಎ." ಅನ್ನೋ ಮಾತು ಆಕಿ ಬಾಯಿಂದ ದಿನಕ್ಕ ಒಮ್ಮಿಯರ ಬರ್ತಿತ್ತು, ನೆಗೆಣ್ಯಾರ ಮುಂದ, ಬಾವಿ ಕಟ್ಟಿ ಮ್ಯಾಲ, ಸಂತಿಯಾಗ. ಎರಡು ದಿನ ಗಂಡನ ಜೋಡಿ ಒಂದು ಅಕ್ಷರ ಮಾತಾಡಲಿಲ್ಲ. "ಸುಭಾಷಾ, ಉಣ್ಣಾಕ ಬಾ ಅಂತ ಹೇಳು ಅವರಿಗೆ," ಅಂತ ನನ್ನ ಕಡೆ ಹೇಳಿ ಕಳಸ್ತಿದ್ದಳು. ಅವರ ಮನಿಗೂ ನನ್ನ ಅಂಗಡಿಗೂ ಅರ್ಧಾ ಮೈಲು. ಎರಡು ದಿನದಾಗ ನನ್ನ ಚಪ್ಪಲಿ ಸವದವು.

ನಿಮಗ ಮೊದಲ ಹೇಳಿಬಿಡ್ತೀನಿ, ರಿಜಲ್ಟು ಎರಡು ತಿಂಗಳ ಮ್ಯಾಲ ಬಂತು. ಮೂವತ್ತೆಂಟು ಮಾರ್ಕ್ಸ್. ಪಾಸು! ಕಡೇ ಪ್ರಶ್ನೆ ಊರಿಗೆ ಬಸ್ ಕೇಳಿ ಒಂದು ಮನವಿ ಪತ್ರ ಬರೆಯಿರಿ ಅಂತ ಇತ್ತಂತ. ಅದರಾಗ ಪೂರಾ ಹತ್ತಕ್ಕ ಹತ್ತು ಕೊಟ್ಟಿದ್ರು. ಆದ್ರ ಆ ಆದಿತ್ವಾರ ಅದು ಯಾರಿಗೆ ಗೊತ್ತಿತ್ತು?

ಆದಿತ್ವಾರ ಕನಕರಾಯರ ಕಡೆಯೋರು ಎರಡು ಗಾಡಿ ತುಂಬ ಬಂದ್ರು. ನೀರಮಾನ್ವಿಯಿಂದ ಅವರ ಅತ್ತಿ ಆದೆಮ್ಮಜ್ಜಿ ಬಂದಿದ್ದಳು. ಓಣಿ ಮಂದಿ ಎಲ್ಲಾ ಕೂಡಿತ್ತು. ತಟ್ಟಿಯಾಗ ಸೀರಿ, ಕುಬಸ, ಉತ್ತತ್ತಿ, ಸಕ್ಕರಿ ಇಟ್ಟಿದ್ರು. ಪ್ರಭುರಾಜ ಹಣಿ ಮ್ಯಾಲಿನ ಬೆವರು ಒರಸಾಕತ್ತಿದ್ದ. ಯಂಕೋಬಣ್ಣ ಕಂಬಕ್ಕ ಆನಿಕೊಂಡು ನಿಂತಿದ್ದ, ಕುಂದರ್ರಿ ಅಂದ್ರೂ ಕುಂದರಲಿಲ್ಲ.

ಕನಕರಾಯರು ತಟ್ಟಿ ಮುಟ್ಟಲಿಲ್ಲ. ಗಂಟಲ ಸರಿ ಮಾಡಿಕೊಂಡ್ರು. "ಅಕ್ಕಾರ, ಹಿರೇರು ಎಲ್ಲಾ ಕೂಡ್ಯಾರ. ಒಂದು ಮಾತು ಕೇಳ್ತೀನಿ. ಬೀಗರು ಏನು ಓದ್ಯಾರ?"

ಓಣಿ ಮಂದಿಗೆ ಇದೇನು ಪ್ರಶ್ನೆ ಅನಿಸಿತು. ಬೋರ್ಡು ಓದಿದೋರ ಎಲ್ಲಾರೂ. ಅಯ್ಯಮ್ಮ ಅಂತ ಬಾಜೂ ಮನಿ ಹೆಣಮಗಳು ಬಾಯಿ ಹಾಕಾಕ ಹೋದಳು. ಸೌಭಾಗ್ಯಕ್ಕ ಕೈಯೆತ್ತಿ ಆಕಿನ್ನ ನಿಲ್ಲಿಸಿದಳು. ಸೆರಗು ಸರಿ ಮಾಡಿಕೊಂಡು ಎದ್ದಳು. ಎರಡು ದಿನದ ಮ್ಯಾಲ ಮೊದಲ ಸಲ ಗಂಡನ ಕಡೆ ನೋಡಿದಳು. ಅಂವ ತಲಿ ಕೆಳಗ ಹಾಕಲಿಲ್ಲ, ಹೇಳು ಅನ್ನೋಹಂಗ ನಿಂತಿದ್ದ.

"ಮುಗದಿಲ್ರೀ ಅಣ್ಣಾರ," ಅಂದಳು ಸೌಭಾಗ್ಯಕ್ಕ, ಓಣಿಗೆಲ್ಲ ಕೇಳೋಹಂಗ. "ಇನ್ನೂ ಓದಾಕತ್ತಾರ."

ಕನಕರಾಯರು ತಟ್ಟಿಯಾಗಿನ ಸಕ್ಕರಿ ತಗೊಂಡು ಮೊದಲು ಯಂಕೋಬಣ್ಣನ ಬಾಯಿಗೆ ಹಾಕಿದ್ರು.